ಮೂಲೆಗಿಟ್ಟ ಅರಿಶಿನ

ತಮಿಳರ ಆಡಿ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾನು ತಮಿಳುನಾಡಿನ ಸೇಲಂ ಪೇಟೆಯಲ್ಲಿ ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯಲ್ಲಿ, ಸಂಘದ ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಎದುರಿಗೆ ಮೇಜು, ಮೇಜಿನ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನೇರಳೆ ಬೆಳಕಿನ ದೀಪ. ನನ್ನ ತಲೆಯ ಮೇಲೆ ಕರಿ ಬಟ್ಟೆಯ ಮುಸುಕಿತ್ತು. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ದೀಪ ಹಾಕುವ ಮುಂಚೆ ಪರೀಕ್ಷೆಯ ಪುಸ್ತಕದಲ್ಲಿ ಗಂಟೆ ಬರೆಯುವುದು ನನ್ನ ಅಭ್ಯಾಸ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ದೀಪದ ಕೆಳಗೆ ಗಾಯಕ್ಕೆ ಇಡುವ ಬಿಳಿ ಬಟ್ಟೆಯ ಒಂದು ತುಂಡು ಹರಡಿತ್ತು. ಒಳ್ಳೆಯ ಬಟ್ಟೆಯಾದರೆ ಆ ಬೆಳಕಿನಲ್ಲಿ ಮಂಕಾಗಿ, ಕಂದು ಬೆರೆತ ನೇರಳೆಯಾಗಿ ಕಾಣಬೇಕು. ಇದರ ಒಂದು ಮೂಲೆಯಲ್ಲಿ ಹೆಸರುಕಾಳಿನಷ್ಟು ಅಗಲದ ಚುಕ್ಕೆಯೊಂದು ಹಳದಿ ಹಸಿರಾಗಿ ಬೆಳಗುತ್ತಿತ್ತು. ಮುಸುಕು ತೆಗೆದು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಏನೂ ಇಲ್ಲ, ಅಪ್ಪಟ ಬಿಳಿ. ಮತ್ತೆ ದೀಪಕ್ಕೆ ಹಿಡಿದೆ. ಚುಕ್ಕೆ ಇತ್ತು.

ಮೂರು ದಿನ ಮುಂಚೆ, ಶನಿವಾರ, ಈ ಬಟ್ಟೆ ಗಾಯಕ್ಕೆ ಯೋಗ್ಯ ಎಂದು ನಾನು ಸಹಿ ಹಾಕಿಯಾಗಿತ್ತು.

ಬಟ್ಟೆ ಹೋಗಬೇಕಾಗಿದ್ದದ್ದು ಯುದ್ಧ ನಡೆಯುತ್ತಿರುವ ಒಂದು ದೇಶದ ಆಸ್ಪತ್ರೆಗೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಜನ ಇದ್ದಾರೆ, ಆಸ್ಪತ್ರೆ ಇನ್ನೂ ನಡೆಯುತ್ತಿದೆ. ಅಲ್ಲಿನ ಪರಿಹಾರ ಸಂಸ್ಥೆಯೊಂದರ ವೈದ್ಯೆ ನಮ್ಮ ಸಂಘಕ್ಕೆ ಫೋನಿನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದ್ದರು. ಮನೆ ಕುಸಿದು ಬಂದವರು, ನೀರಿನ ಸಾಲಿನಲ್ಲಿ ನಿಂತಾಗ ಗಾಯಗೊಂಡವರು, ಮಕ್ಕಳು. ಬಳಸಿದ ಬಟ್ಟೆಯನ್ನು ಒಗೆದು, ಕುದಿಸಿ, ಮೂರನೇ ಸಲ ಗಾಯಕ್ಕೆ ಇಡುತ್ತಿದ್ದೇವೆ ಎಂದು ಅವರು ಹೇಳಿದ್ದರು. ಬರುವ ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಬೀದಿಯಿಂದ ಲಾರಿ ಹೊರಡಬೇಕು. ಅದು ಹಿಡಿಯಬೇಕಾದ ಹಡಗು ತಪ್ಪಿದರೆ ಮುಂದಿನದು ಒಂದು ತಿಂಗಳಿಗೆ. ಅಷ್ಟರಲ್ಲಿ ಬಂದರಿನಿಂದ ಆಸ್ಪತ್ರೆಗೆ ದಾರಿ ತೆರೆದಿರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಲವತ್ತು ಪೆಟ್ಟಿಗೆ. ಪೆಟ್ಟಿಗೆಗೆ ಇನ್ನೂರು ಪೊಟ್ಟಣ. ಪೊಟ್ಟಣಕ್ಕೆ ಐದು ತುಂಡು. ನಮ್ಮ ಬೀದಿಯ ಮನೆಗಳಲ್ಲಿ ನೇಯ್ದು, ಮೆಟ್ಟೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಸೋಡಾ ನೀರಿನಲ್ಲಿ ಕುದಿಸಿ ಬಿಳಿ ಮಾಡಿಸಿ, ಮತ್ತೆ ನಮ್ಮ ಶೆಡ್ಡಿಗೆ ತಂದು ಕತ್ತರಿಸಿ, ಮಡಿಸಿ, ಕಾಗದದಲ್ಲಿ ಸುತ್ತಿದ್ದು. ಹಬೆಯಲ್ಲಿ ಶುದ್ಧಿ ಮಾಡುವುದು ಆ ಆಸ್ಪತ್ರೆಯಲ್ಲೇ. ಉಳಿದ ಪರೀಕ್ಷೆಯೆಲ್ಲ ನನ್ನದು. ಹತ್ತು ಸೆಂಟಿಮೀಟರಿನಲ್ಲಿ ಹಾಸು ಎಷ್ಟು ಎಳೆ, ಹೊಕ್ಕು ಎಷ್ಟು ಎಳೆ ಎಂದು ಎಣಿಸುವುದು. ಅಯೋಡಿನ್ ಹನಿ ಬಿಟ್ಟು, ನೀಲಿಯಾದರೆ ಗಂಜಿ ಉಳಿದಿದೆ ಎಂದು ತಿಳಿಯುವುದು. ನೀರಿನ ಮೇಲೆ ಬಿಟ್ಟು ಎಷ್ಟು ಸೆಕೆಂಡಿಗೆ ಮುಳುಗುತ್ತದೆ ಎಂದು ನೋಡುವುದು. ಹತ್ತು ಸೆಕೆಂಡು ದಾಟಬಾರದು. ಕೊನೆಗೆ ನೇರಳೆ ದೀಪ.

ಎಲ್ಲವನ್ನೂ ಮಾಡಿದ್ದೆ. ಎಲ್ಲವೂ ಸರಿ ಬಂದಿತ್ತು. ಆದರೆ ನಾನು ಮಾದರಿ ತುಂಡುಗಳನ್ನು ತೆಗೆಯುತ್ತಿದ್ದದ್ದು ಥಾನಿನ, ಎಂದರೆ ಬಟ್ಟೆಯ ಇಡೀ ಸುರುಳಿಯ, ನಟ್ಟ ನಡುವಿನಿಂದ. ಕೊನೆಗಳು ಕೈ ತಾಗಿ ಕೊಳೆಯಾಗಿರುತ್ತವೆ, ಅಂಚು ದಪ್ಪವಿರುತ್ತದೆ, ಎಣಿಕೆ ತಪ್ಪುತ್ತದೆ ಎಂಬುದು ನನಗೆ ಕಲಿಸಿದವರ ಮಾತು. ಆ ಮಂಗಳವಾರ ಮೂಲೆಯ ತುಂಡು ನನ್ನ ಕೈಗೆ ಬಂದದ್ದು ಆಕಸ್ಮಿಕ. ಪೆಟ್ಟಿಗೆ ಕಟ್ಟುವಾಗ ಒಂದು ಪೊಟ್ಟಣದ ಕಾಗದ ಹರಿಯಿತು. ಕೆಳಗೆ ಬಿದ್ದ ಐದು ತುಂಡನ್ನು ಎಸೆಯುವ ಮುಂಚೆ ಸುಮ್ಮನೆ ದೀಪಕ್ಕೆ ಹಿಡಿದೆ. ಅಷ್ಟೇ.

ಚುಕ್ಕೆ ಇದ್ದ ಜಾಗಕ್ಕೆ ಒಂದು ಹನಿ ನೀರು ಬಿಟ್ಟೆ. ಸುತ್ತಲೂ ಬಟ್ಟೆ ನೀರು ಕುಡಿಯಿತು. ಚುಕ್ಕೆಯ ಮೇಲಿನ ಹನಿ ಮಾತ್ರ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ದುಂಡಗೆ ನಿಂತಿತು. ಇಪ್ಪತ್ತು ಎಣಿಸಿದೆ. ನಲವತ್ತು ಎಣಿಸಿದೆ. ಅಯೋಡಿನ್ ಹಾಕಿದೆ, ನೀಲಿ ಬರಲಿಲ್ಲ. ಗಂಜಿ ಅಲ್ಲ, ಎಣ್ಣೆ. ಎಣ್ಣೆಯ ಜೊತೆ ಇನ್ನೇನೋ.

ಇನ್ನೂ ನಲವತ್ತು ಪೊಟ್ಟಣ ಒಡೆದೆ. ಇನ್ನೂರು ತುಂಡಿನಲ್ಲಿ ಮೂರಕ್ಕೆ ಚುಕ್ಕೆ ಇತ್ತು. ಶೆಡ್ಡಿನ ಮೂಲೆಯಲ್ಲಿ ಕಾರ್ಖಾನೆಗೆ ಹೋಗದೆ ಉಳಿದ ಎರಡು ಹಸಿ ಥಾನು ಇದ್ದವು. ಒಂದನ್ನು ಬಿಚ್ಚಿದೆ. ಮೊದಲ ಮಡಿಕೆಯಲ್ಲೇ, ಬಲ ಅಂಚಿನ ಮೂಲೆಯಲ್ಲಿ, ಬೆರಳ ತುದಿಯಷ್ಟು ಹಳದಿ. ದೀಪ ಬೇಕಾಗಲಿಲ್ಲ, ಮೂಸಿದರೆ ಸಾಕಾಯಿತು. ನನಗೆ ಹೊಸ ಅಂಗಿ ತಂದಾಗಲೆಲ್ಲ ನನ್ನ ತಾಯಿ ಹೀಗೆಯೇ ಕಾಲರಿನ ಒಳಮೂಲೆಗೆ ಅರಿಶಿನ ಹಚ್ಚಿ ಕೊಡುತ್ತಿದ್ದಳು.

ಥಾನು ಹೆಗಲ ಮೇಲೆ ಹಾಕಿಕೊಂಡು ಬೀದಿಯ ಕೊನೆಯ ಮನೆಗೆ ಹೋದೆ. ಅಲ್ಲಿನ ಅಜ್ಜಿ ಈ ಕೆಲಸದಲ್ಲಿ ಹೆಂಗಸರ ಮುಂದಾಳು. ಎಂಬತ್ತು ದಾಟಿದ ಗಂಡ ಜಗಲಿಯ ಮೇಲೆ ಮಲಗಿದ್ದರು. ಅಜ್ಜಿ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುತ್ತಿದ್ದಳು.

"ಅಜ್ಜಿ, ಈ ಅರ್ಸ್ನ ಯಾರ್ ಇಕ್ಕಿದ್ದು?"

ಅಜ್ಜಿ ಲಾಳಿ ನಿಲ್ಲಿಸಲಿಲ್ಲ. "ನಾನ್ ಇಕ್ದೆ. ನನ್ ನೋಡಿ ಎಲ್ಲಾರೂ ಇಕ್ಕವ್ರೆ. ಯಾಕ್ಲಾ?"

"ಎಷ್ಟ್ ಥಾನಿಗೆ?"

"ಎಲ್ಲಾದುಕ್ಕೂ. ಸುರು ಮಾಡೋವಾಗ ಒಂದ್ ಬೊಟ್ಟು, ಇಳಿಸೋವಾಗ ಒಂದ್ ಬೊಟ್ಟು. ಒಳ್ಳೆಣ್ಣೇಲಿ ಕಲ್ಸಿ ಇಕ್ಕಿವ್ನಿ. ಮಾರಂಡಹಳ್ಳಿ ನಮ್ ಬೀಗ್ರ ಒಲದಲ್ ಬೆಳ್ದಿದ್ ಅರ್ಸ್ನ, ಅಂಗಡೀದಲ್ಲ."

ಒಳ್ಳೆಣ್ಣೆ ಎಂದರೆ ಎಳ್ಳೆಣ್ಣೆ. ಸೋಡಾ ನೀರಿಗೆ, ಬಿಳಿ ಮಾಡುವ ಮದ್ದಿಗೆ ಅರಿಶಿನದ ಬಣ್ಣ ಹೋಗುತ್ತದೆ. ಎಣ್ಣೆಯ ಜೊತೆ ಎಳೆಯ ಒಳಕ್ಕೆ ಇಳಿದದ್ದು ಪೂರ್ತಿ ಹೋಗುವುದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ.

"ಅಜ್ಜಿ, ಇದು ಗಾಯಕ್ಕೆ ಇಕ್ಕೋ ಬಟ್ಟೆ. ಇದ್ರಲ್ಲಿ ಏನೂ ಇರಬಾರ್ದು."

ಆಗ ಲಾಳಿ ನಿಂತಿತು. "ಏನ್ಲಾ, ಓದಿರೋನು ನೀನು. ಮೂಲೆಗೆ ಅರ್ಸ್ನ ಇಲ್ದಿರೋ ಬರೀ ಬಿಳೀ ಬಟ್ಟೆ ಯಾತಕ್ಕೆ ಓಗ್ತದೆ ಗೊತ್ತಾ ನಿಂಗೆ? ಎಣಕ್ಕೆ. ಅಲ್ಲಿರೋರು ಬದುಕ್ಲಿ ಅಂತ ಕಳ್ಸ್ತೀಯೋ, ಸುತ್ತಕ್ಕೆ ಅಂತ ಕಳ್ಸ್ತೀಯೋ?"

ಬರೀ ಬಿಳಿ ಬಟ್ಟೆ ಹೆಣಕ್ಕೆ ಎಂದು ಅವಳು ಹೇಳಿದ್ದು ನನಗೂ ಗೊತ್ತಿತ್ತು. ಈ ಬೀದಿಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಬೆಳ್ಳನೆಯ ಬಟ್ಟೆಯ ಇಷ್ಟು ದೊಡ್ಡ ಕೆಲಸ ಒಪ್ಪಿಕೊಂಡಾಗ ಈ ಮನೆಗಳಲ್ಲಿ ಇದನ್ನು ಮಾಡಿಯೇ ಮಾಡುತ್ತಾರೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೊದಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಶೆಡ್ಡಿಗೆ ಬಂದಾಗ ಸಂಘದ ಕಾರ್ಯದರ್ಶಿ ಕೂತಿದ್ದರು. ಯಾವಾಗಲೂ ಅಚ್ಚ ಬಿಳಿ ಪಂಚೆ, ಇಲ್ಲಿನ ಮಾತಿನಲ್ಲಿ ವೇಷ್ಟಿ, ಉಡುವ ಮನುಷ್ಯ. ಕೆಟ್ಟವರಲ್ಲ. ಈ ಕೆಲಸಕ್ಕಾಗಿ ಎರಡು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದವರು. ನಾನು ಎಲ್ಲವನ್ನೂ ಹೇಳಿದೆ. ಅವರು ಹೇಳಿದರು:

"ಇನ್ನೂರಕ್ಕೆ ಮೂರು ತಾನೆ? ಅಲ್ಲಿ ಬಾಂಬ್ ಬೀಳ್ತಾ ಐತೆ. ಯಾರಪ್ಪಾ ಲೈಟ್ ಇಕ್ಕೊಂಡು ನೋಡ್ತಾರೆ? ವಿಟ್ರುಂಗ ಸಾರ್, ಬುಟ್ಬುಡಿ. ಮೂರನೇ ಸಲ ಒಗ್ದಿದ್ದ ಬಟ್ಟೆಗಿಂತ ನಮ್ದು ಮೇಲು. ಅರ್ಸ್ನ ಏನ್ ವಿಷಾನಾ? ನಮ್ಮಪ್ಪನ್ ತಾಯಿ, ನಮ್ ಪಾಟಿ, ಕುಯ್ದಿದ್ ಗಾಯಕ್ಕೆಲ್ಲಾ ಅದೇ ಇಕ್ತಿದ್ಲು."

ನಿಜ ಬರೆಯಬೇಕೆಂದು ಕೂತಿದ್ದೇನೆ, ಆದ್ದರಿಂದ ಇದನ್ನೂ ಬರೆಯುತ್ತೇನೆ: ನಾನು ಒಪ್ಪಿಕೊಳ್ಳುವವನಿದ್ದೆ. ಸರಿ ಎಂಬ ಮಾತು ಬಾಯಿಗೆ ಬಂದಿತ್ತು.

ಮಡಿಸುವ ಮೇಜಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತೈದರ ಆಸುಪಾಸು. ಹದಿನೇಳನೇ ವಯಸ್ಸಿನಲ್ಲಿ ಲಂಕೆಯಿಂದ ದೋಣಿಯಲ್ಲಿ ಬಂದು, ಅಂದಿನಿಂದ ಮೆಟ್ಟೂರು ಕಡೆಯ ನಿರಾಶ್ರಿತರ ಶಿಬಿರದಲ್ಲಿ ಇದ್ದವಳು. ದಿನಾ ಮೆಟ್ಟೂರು ಬಸ್ಸಿನಲ್ಲಿ ಬಂದು ನಮ್ಮಲ್ಲಿ ಬಟ್ಟೆ ಮಡಿಸುವವರಿಗೆ ಮೇಲ್ವಿಚಾರಣೆ ಮಾಡುತ್ತಿದ್ದಳು. ನಮ್ಮ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಮಾತು ಮಾತ್ರ ತಮಿಳು. ಹೌದು ಎನ್ನಲು ಅವರ ಕಡೆ 'ಓಂ' ಎನ್ನುತ್ತಾರೆ. ಅದಕ್ಕೆ ಬೀದಿಯ ಹೆಂಗಸರು ಅವಳನ್ನು ಪೂಜಾರಮ್ಮ ಎಂದು ರೇಗಿಸುತ್ತಿದ್ದರು.

ಅವಳು ಚುಕ್ಕೆಯ ತುಂಡನ್ನು ಎತ್ತಿಕೊಂಡಳು. ಲೋಟದಿಂದ ನೀರು ಚಿಮುಕಿಸಿ, ದುಂಡಗೆ ನಿಂತ ಹನಿಯನ್ನು ನೋಡಿದಳು. ಅವಳು ತಮಿಳಿನಲ್ಲಿ ಹೇಳಿದ್ದನ್ನು ನೆನಪಿದ್ದಷ್ಟು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಏನನ್ನೂ ಸೇರಿಸಿಲ್ಲ.

"ನಮ್ಮೂರಲ್ಲಿ ಶಾಲೆಯನ್ನೇ ಆಸ್ಪತ್ರೆ ಮಾಡಿದ್ದರು. ಗಾಯದ ಬಟ್ಟೆ ಒಗೆದು ಬೆಂಚಿನ ಮೇಲೆ ಒಣಗಿಸುವುದು ನನ್ನ ಕೆಲಸ. ಒಂದು ದಿನ ಹೊಸ ಬಟ್ಟೆ ಬಂತು, ಅಂಗಡಿಯ ಬಟ್ಟೆ, ಮಿರಮಿರ ಎನ್ನುತ್ತಿತ್ತು. ಎಲ್ಲರಿಗೂ ಸಂತೋಷ. ಒಬ್ಬರ ಹೊಟ್ಟೆಗೆ ಇಟ್ಟು ಕಟ್ಟಿದರು. ಮೇಲಿನಿಂದ ನೋಡಿದರೆ ಬಟ್ಟೆ ಒಣಗೇ ಇತ್ತು. ನಿಂತಿದೆ, ರಕ್ತ ನಿಂತಿದೆ ಎಂದುಕೊಂಡೆವು. ಬೆಂಚು ಒದ್ದೆಯಾಗಿತ್ತು ಅಣ್ಣಾ. ಬಟ್ಟೆ ಕುಡಿಯದೆ ರಕ್ತ ಕೆಳಗಿನಿಂದ ಹೋಗಿತ್ತು. ನಾವು ನೋಡಿದ್ದು ಬಟ್ಟೆಯನ್ನು."

ಆ ಒಬ್ಬರು ಯಾರು ಎಂದು ಅವಳು ಹೇಳಲಿಲ್ಲ.

ಕಾರ್ಯದರ್ಶಿ ತಲೆ ತಗ್ಗಿಸಿದರು. ನಾನು ಕಪಾಟಿನಿಂದ ಶನಿವಾರದ ಪ್ರಮಾಣಪತ್ರ ತೆಗೆದು ಅದರ ಮೇಲೆ ಅಡ್ಡಕ್ಕೆ 'ರದ್ದು' ಎಂದು ಬರೆದು ಸಹಿ ಹಾಕಿದೆ. ಆಗ ಮಧ್ಯಾಹ್ನ ಎರಡೂವರೆ. ಆಮೇಲೆ ವೈದ್ಯೆಗೆ ಫೋನು ಮಾಡಿದೆ. ಮೂರು ಸಲ ಲೈನ್ ಸಿಗಲಿಲ್ಲ. ನಾಲ್ಕನೇ ಸಲ ಸಿಕ್ಕಿತು. ಹಿಂದೆ ಜನರೇಟರಿನ ಸದ್ದು. ತಪ್ಪಾಗಿದೆ, ತಪ್ಪು ನನ್ನದು, ಮಾದರಿ ತೆಗೆದದ್ದೇ ಸರಿ ಇರಲಿಲ್ಲ ಎಂದೆ.

"ಎಲ್ಲ ತುಂಡಿನಲ್ಲೂ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ. ನೂರಕ್ಕೆ ಒಂದೋ ಎರಡೋ."

"ಬೇರೆ ಮಾಡಬಲ್ಲಿರಾ?"

"ಗೊತ್ತಿಲ್ಲ. ನಲವತ್ತು ಸಾವಿರ ತುಂಡು."

ಅವರು ಹೇಳಿದರು: "ಶನಿವಾರದ ಲಾರಿಯನ್ನು ನಾನು ನಿಲ್ಲಿಸುವುದಿಲ್ಲ. ನೀವು ಯಾವುದಕ್ಕೆ ಸಹಿ ಹಾಕುತ್ತೀರೋ ಅದನ್ನು ಮಾತ್ರ ಹತ್ತಿಸಿ. ಚುಕ್ಕೆ ಕತ್ತರಿಸಿ ಉಳಿದದ್ದು ಸಣ್ಣದಾದರೂ ಕಳಿಸಿ. ಮಕ್ಕಳಿಗೆ ಸಣ್ಣದೂ ಬೇಕು." ಫೋನು ಕಡಿಯಿತು.

ಲೆಕ್ಕ ಹಾಕಿದೆ. ನನ್ನ ಪೆಟ್ಟಿಗೆಯ ದೀಪ ಒಂದೇ. ಒಂದು ತುಂಡು ಬಿಚ್ಚಿ, ನೋಡಿ, ಮಡಿಸಲು ಅರ್ಧ ನಿಮಿಷ. ಶನಿವಾರಕ್ಕೆ ಅಲ್ಲ, ಆಡಿ ಕಳೆದರೂ ಮುಗಿಯುವ ಹಾಗಿರಲಿಲ್ಲ. ದೀಪಗಳನ್ನು ಕಾರ್ಯದರ್ಶಿಯೇ ತಂದರು. ಬೆಳ್ಳಿ ಕಾಲಂದುಗೆ ಮಾಡುವ ಅಂಗಡಿಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ ಕಳ್ಳ ನೋಟು ಪತ್ತೆ ಮಾಡಲು ಇಟ್ಟುಕೊಂಡಿರುವ ಸಣ್ಣ ನೇರಳೆ ದೀಪಗಳು. ಆರು ಸಿಕ್ಕವು. ಕತ್ತಲೆಗೆ ಅಜ್ಜಿಯ ಮಗ್ಗದ ಮನೆಯೇ ಸರಿ ಎನಿಸಿತು, ಅದಕ್ಕೆ ಒಂದೇ ಕಿಟಕಿ. ಆದರೆ ಅಜ್ಜಿ ಒಪ್ಪಬೇಕಲ್ಲ.

ಶಿಬಿರದ ಹೆಂಗಸೇ ಹೋದಳು. ಒಳಗೆ ಏನು ಮಾತಾಯಿತೋ ನಾನು ಕೇಳಿಲ್ಲ; ನಾನು ಜಗಲಿಯ ಕೆಳಗೆ ನಿಂತಿದ್ದೆ. ಕಾಲು ಗಂಟೆಯ ಮೇಲೆ ಅಜ್ಜಿ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಕತ್ತಲೆ ಮಾಡ್ಕೊಂಡು ನಲವತ್ತ್ ಸಾವ್ರ ನೋಡ್ತೀಯಾ, ಪೆದ್ದ ಮಡೆಯಾ?" ಎಂದಳು. "ಬೊಟ್ಟಿಕ್ಕಿದ್ ಕೈಯ ಕೇಳ್ದಾ ನೀನು? ನಾವ್ ಇಕ್ಕಿದ್ದು ಬಲಗಡೆ ಅಂಚಿನ್ ಮೂಲೆಗೆ. ಅಂಚು ಇರೋ ತುಂಡು ಮಾತ್ರ ನೋಡು. ಇಲ್ದಿದ್ದು ಬುಟ್ಟಾಕು."

ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದೂ ನನಗೆ ಅದು ತೋಚಿರಲಿಲ್ಲ. ಥಾನನ್ನು ಅಗಲಕ್ಕೆ ಮೂರು ಪಟ್ಟಿಯಾಗಿ ಕತ್ತರಿಸುತ್ತೇವೆ. ಅಂಚು ಬರುವುದು ಎರಡು ಪಕ್ಕದ ಪಟ್ಟಿಗಳಿಗೆ ಮಾತ್ರ; ನಡುವಿನದಕ್ಕೆ ಇಲ್ಲ. ಅಂಚಿನಲ್ಲಿ ಎಳೆಗಳು ಒತ್ತಾಗಿರುವುದರಿಂದ ಮಡಿಕೆಯ ಒಳಗಿದ್ದರೂ ಬೆರಳಿಗೆ ಸಿಗುತ್ತದೆ. ನನ್ನ ಬೆರಳಿಗಲ್ಲ, ನೇಯುವವರ ಬೆರಳಿಗೆ. ಕಣ್ಣು ಮುಚ್ಚಿಕೊಂಡು ಅಜ್ಜಿ ಹತ್ತು ತುಂಡು ಬೇರೆ ಮಾಡಿ ತೋರಿಸಿದಳು. ಬಿಚ್ಚಿ ನೋಡಿದೆ. ಹತ್ತೂ ಸರಿ.

ಆದರೂ ನಾನು ಮಾತನ್ನು ನಂಬಿ ಸಹಿ ಹಾಕುವ ಸ್ಥಿತಿಯಲ್ಲಿರಲಿಲ್ಲ. ಅಂಚಿಲ್ಲದ ತುಂಡುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಿಂದ ಆರಿಸಿ, ಐನೂರನ್ನು ಆ ರಾತ್ರಿಯೇ ನನ್ನ ಪೆಟ್ಟಿಗೆಯ ದೀಪಕ್ಕೆ ಹಿಡಿದೆ. ಒಂದರಲ್ಲೂ ಚುಕ್ಕೆ ಇರಲಿಲ್ಲ. ಪುಸ್ತಕದಲ್ಲಿ ಬರೆದೆ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಶುರು. ಜಗಲಿಯಲ್ಲಿ, ಬೆಳಕಿನಲ್ಲಿ, ಎಂಟು ಜನ ಹೆಂಗಸರು ಬೆರಳಿನಲ್ಲಿ ಅಂಚು ಹುಡುಕುವುದು. ಒಳಗೆ, ಕತ್ತಲೆಯಲ್ಲಿ, ಆರು ಜನ ದೀಪದ ಕೆಳಗೆ ಬಿಚ್ಚಿ ನೋಡುವುದು. ಇಬ್ಬರು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಮಗ್ಗದ ಹಲಗೆಯನ್ನೇ ಮೇಜು ಮಾಡಿಕೊಂಡರು. ಕಿಟಕಿಗೂ ಬಾಗಿಲಿಗೂ ಕರಿ ಕಂಬಳಿ ಹೊದಿಸಿದೆ. ದೀಪ ಹಾಕಿ ಎಂದೆ.

ದೀಪ ಹಾಕಿದ ಕೂಡಲೇ ನನ್ನ ಯೋಜನೆ ಕೆಟ್ಟಿತು. ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿಯ ವೇಷ್ಟಿ ಟ್ಯೂಬ್‌ಲೈಟಿನ ಹಾಗೆ ನೀಲಿಯಾಗಿ ಉರಿಯಿತು. ಬಟ್ಟೆ ಬೆಳ್ಳಗೆ ಕಾಣಲಿ ಎಂದು ಸೋಪಿನ ಪುಡಿಯಲ್ಲಿ ಹಾಕುವ ಮದ್ದು ಈ ಬೆಳಕಿಗೆ ಹಾಗೆ ಹೊಳೆಯುತ್ತದೆ. ಹೆಂಗಸರ ಸೆರಗು, ರವಿಕೆಯ ಅಂಚು, ಎಲ್ಲ ನೀಲಿ. ಆ ಬಟ್ಟೆಗಳಿಂದ ಉದುರಿದ ಎಳೆ ಗಾಯದ ಬಟ್ಟೆಯ ಮೇಲೆ ನೀಲಿ ಚುಕ್ಕೆಗಳಾಗಿ ಕೂತವು. ಕಂಬಳಿಯ ಕೂದಲೂ ಉದುರುತ್ತಿತ್ತು. ಮೊದಲ ಅರ್ಧ ಗಂಟೆಯಲ್ಲಿ ನಾವು ಒಳ್ಳೆಯ ಅರವತ್ತು ತುಂಡು ಹಾಳು ಮಾಡಿದ್ದೆವು.

"ಲೇ, ಕಾರಿಯದರ್ಸಿಯ ಕಂಬಕ್ಕೆ ನೇತಾಕ್ರಲೇ, ಕರೆಂಟ್ ಓದಾಗ ಆಯ್ತದೆ," ಎಂದು ಗುಂಡಿಯೊಳಗಿಂದ ಯಾರೋ ಅಂದರು. ಕಾರ್ಯದರ್ಶಿ ಹೊರಗೆ ಹೋದರು.

ಅಷ್ಟರಲ್ಲಿ ಅಜ್ಜಿ ಒಳಗೆ ಬಂದಳು. ಗುಂಡಿಯಲ್ಲಿದ್ದವಳು ದೀಪ ಎತ್ತಿದಳು. ಅಜ್ಜಿಯ ಮುಖ, ಕುತ್ತಿಗೆ, ಮೊಣಕೈಯವರೆಗೆ ಎರಡು ಕೈ ಹಳದಿ ಹಸಿರಾಗಿ ಬೆಳಗಿದವು. ಆಡಿ ತಿಂಗಳಲ್ಲಿ ದಿನಾ ಅರಿಶಿನ ಹಚ್ಚಿ ಸ್ನಾನ ಮಾಡುವವಳು. ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಯಾರೂ ನಗಲಿಲ್ಲ. ಕತ್ತಲೆಯಲ್ಲಿ ಆ ಮುಖ ಒಂದೇ ಕಾಣುತ್ತಿತ್ತು.

"ಯಾಕ್ರೇ ಎಲ್ಲಾ ಸುಮ್ನಾದ್ರಿ?" ಎಂದಳು ಅಜ್ಜಿ.

"ಅಜ್ಜೀ, ನಿನ್ ಮಕ ಗುಡೀ ಅಮ್ಮನ್ ತರ ಒಳೀತಾ ಐತೆ."

ಜಗಲಿಯಿಂದ ಗಂಡನ ಧ್ವನಿ ಬಂತು: "ಅರವತ್ತ್ ವರ್ಸದಿಂದ ನಾನ್ ನೋಡ್ತಾ ಇವ್ನಿ. ನಿಮ್ಗೆ ಲೈಟ್ ಬೇಕಾಯ್ತಾ?"

ಅಜ್ಜಿ ತನ್ನ ಕೈಗಳನ್ನು ದೀಪದ ಮುಂದೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೆರಳ ಸಂದಿಯಲ್ಲಿ, ಉಗುರಿನ ಸುತ್ತ, ಎಲ್ಲ ಕಡೆ. ಆಮೇಲೆ ಹಿತ್ತಲಿಗೆ ಹೋದಳು. ಸೀಗೆಪುಡಿ ಹಾಕಿ, ಸೋಪು ಹಾಕಿ, ಮೂರು ಸಲ ಕೈ ತೊಳೆದುಕೊಂಡು ಬಂದು ದೀಪಕ್ಕೆ ಹಿಡಿದಳು. ಇನ್ನೂ ಇತ್ತು. ನಾಲ್ಕನೇ ಸಲಕ್ಕೆ ಹೋಯಿತು. ಮುಖದ್ದನ್ನು ಮುಟ್ಟಲಿಲ್ಲ. "ಮಕ ನಂದು. ಕೈ ನಿಂದು, ತಕೋ," ಎಂದಳು.

ಅವಳು ತೊಳೆದ ಮೇಲೆ ಉಳಿದವರು ತಾವಾಗಿಯೇ ಎದ್ದು ಹೋಗಿ ತೊಳೆದುಕೊಂಡರು. ಕಂಬಳಿ ತೆಗೆಸಿ ಲಾರಿಯ ಟಾರ್ಪಾಲು ಕಟ್ಟಿಸಿದೆ. ಉಟ್ಟ ಬಟ್ಟೆಯ ತೊಂದರೆಗೆ ಅಜ್ಜಿಯೇ ತನ್ನ ಸೀರೆ ಪೆಟ್ಟಿಗೆ ತೆರೆದಳು. ಒಗೆಯದ, ಮಡಿಕೆ ಬಿಚ್ಚದ ಹಳೆಯ ರೇಷ್ಮೆ ಸೀರೆಗಳು, ಕಡು ಬಣ್ಣದವು. ಎಲ್ಲ ಆ ಮನೆಯಲ್ಲಿ ನೇಯ್ದವು. ದೀಪಕ್ಕೆ ಹಿಡಿದು ನೋಡಿದೆ, ಕಪ್ಪಾಗಿದ್ದವು. ಮೂರು ದಿನ ಆರು ಜನ ಹೆಂಗಸರು ಮದುವೆಯ ಸೀರೆ ಉಟ್ಟು ಕತ್ತಲೆಯಲ್ಲಿ ಕೂತು ಗಾಯದ ಬಟ್ಟೆ ನೋಡಿದರು. ಕಾರ್ಯದರ್ಶಿ ಮಧ್ಯಾಹ್ನ ಬಂದಾಗ ಮಗನ ಕರಿ ಪ್ಯಾಂಟು ಹಾಕಿಕೊಂಡಿದ್ದರು. ಅದು ಬಿಗಿಯಾಗಿತ್ತು. ಶುಕ್ರವಾರದವರೆಗೂ ಅವರು ಕೂರದೆ, ನಿಂತೇ ಪೆಟ್ಟಿಗೆ ಕಟ್ಟಿದರು.

ಕೆಲಸ ಒಂದು ಹದಕ್ಕೆ ಬಂತು. ಜಗಲಿಯಲ್ಲಿ ಬೆರಳು, ಒಳಗೆ ದೀಪ. ಚುಕ್ಕೆ ಸಿಕ್ಕರೆ ಸಿಕ್ಕವಳು "ಇದೋ" ಎನ್ನುತ್ತಾಳೆ, ತುಂಡು ಹೊರಗೆ ಬರುತ್ತದೆ. ಶಿಬಿರದ ಹೆಂಗಸು ಚುಕ್ಕೆಯ ಸುತ್ತ ಎರಡು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಾಳೆ. ಉಳಿದದ್ದನ್ನು ಎಳೆ ಹೊರಗೆ ಬಾರದ ಹಾಗೆ ಒಳಮಡಿಕೆ ಮಾಡಿ ಸಣ್ಣ ತುಂಡಾಗಿ ಮಡಿಸುತ್ತಾಳೆ. ಗಂಟೆಗೊಮ್ಮೆ ಅವುಗಳಿಂದ ಹತ್ತು ತೆಗೆದು ನಾನು ನೀರಿಗೆ ಬಿಡುತ್ತೇನೆ. ಈಗ ನಡುವಿನಿಂದ ಅಲ್ಲ, ಅಂಚಿನಿಂದ. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಒಂದೂ ಐದು ದಾಟಲಿಲ್ಲ.

ಅಜ್ಜಿ ಒಳಗೆ ಕೂತು ತನ್ನ ಚುಕ್ಕೆಗಳನ್ನು ತಾನೇ ಹುಡುಕಿದಳು. ಮೊದಲ ದಿನ ಪ್ರತಿ ಸಲ "ಇದೋ" ಎನ್ನುವಾಗ ಧ್ವನಿ ಕುಗ್ಗುತ್ತಿತ್ತು. ಎರಡನೇ ದಿನದ ಹೊತ್ತಿಗೆ, "ಇದು ನಂದಲ್ಲ, ಇಷ್ಟ್ ದೊಡ್ಡ ಬೊಟ್ಟು ನಾನ್ ಇಕ್ಕಲ್ಲ, ಇದು ಮೂಲೆಮನೇ ಸೊಸೇದು," ಎಂದು ಶುರು ಮಾಡಿದಳು. ಮೂಲೆಮನೆಯ ಸೊಸೆ ಗುಂಡಿಯೊಳಗಿಂದ, "ನಂದು ದೊಡ್ದಾಗಿದ್ರೆ ನಮ್ಮತ್ತೆ ಕೊಟ್ಟ ಅರ್ಸ್ನ ಜಾಸ್ತಿ ಅಂತ ಅರ್ಥ. ನಿಮ್ ಮನೇಲಿ ಕಂಜೂಸ್," ಎಂದಳು. ಕತ್ತಲೆ ಕೋಣೆಯಲ್ಲಿ ನಗು ತಡೆಯಲಾಗದೆ ಒಬ್ಬಳು ದೀಪ ಬೀಳಿಸಿದಳು. ಅದು ಒಡೆಯಿತು. ಐದೇ ದೀಪ ಉಳಿದವು.

ಗುರುವಾರ ಮಧ್ಯಾಹ್ನ ನಾವು ಹದಿನೇಳನೇ ಪೆಟ್ಟಿಗೆಯಲ್ಲಿದ್ದೆವು. ಹಿಂದೆ ಬಿದ್ದಿದ್ದೇವೆ ಎಂದು ನಾನು ಹೇಳಲಿಲ್ಲ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೆಂಗಸರು ಬಂದು ಕೂತಿದ್ದರು. ಶಿಬಿರದ ಹೆಂಗಸು ಮೊದಲ ಬಸ್ಸಿಗೆ ಬಂದಿದ್ದಳು, ಜೊತೆಗೆ ಶಿಬಿರದ ಇನ್ನೂ ನಾಲ್ಕು ಜನ. "ಇವರಿಗೂ ಮಡಿಸಲು ಬರುತ್ತದೆ. ಅಲ್ಲಿ ಕಲಿತದ್ದು," ಎಂದಳು.

ಶುಕ್ರವಾರ ಸಂಜೆ ಐದು ಗಂಟೆ ಐವತ್ತು ನಿಮಿಷಕ್ಕೆ ನಲವತ್ತನೇ ಪೆಟ್ಟಿಗೆಯ ಕೊನೆಯ ತುಂಡು ಒಳಗಿನಿಂದ ಹೊರಗೆ ಬಂತು. ಚುಕ್ಕೆ ಇರಲಿಲ್ಲ. ಒಟ್ಟು ಚುಕ್ಕೆ ಸಿಕ್ಕ ತುಂಡು ಆರುನೂರ ಹನ್ನೊಂದು. ಅವುಗಳಿಂದ ಮಾಡಿದ ಸಣ್ಣ ತುಂಡುಗಳಿಗೆ ಬೇರೆ ಪೆಟ್ಟಿಗೆ, ನಲವತ್ತೊಂದನೆಯದು, 'ಮಕ್ಕಳಿಗೆ' ಎಂದು ಇಂಗ್ಲಿಷಿನಲ್ಲಿ ಬರೆದೆವು. ನಾನು ಹೊಸ ಪ್ರಮಾಣಪತ್ರ ಬರೆದೆ. 'ಮಾದರಿ ತೆಗೆದ ಕ್ರಮ' ಎಂಬಲ್ಲಿ ಇಡೀ ಒಂದು ಪುಟ ಬರೆದೆ. ಹಳೆಯ ರದ್ದಾದ ಪತ್ರವನ್ನೂ ಜೊತೆಗೆ ಇಟ್ಟೆ.

ಶನಿವಾರ ಬೆಳಿಗ್ಗೆ ಲಾರಿ ಬಂತು. ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಹೊದಿಸಿ ಗೋಣಿಚೀಲ ಹೊಲಿದಿದ್ದೆವು. ಹತ್ತಿಸುವ ಮುಂಚೆ ಅಜ್ಜಿ ಬಂದು ನನ್ನ ಮುಂದೆ ನಿಂತಳು. ಕೈಯಲ್ಲಿ ಬಟ್ಟಲು.

"ಒಳೀಕೆ ಬ್ಯಾಡ. ಸರಿ," ಎಂದಳು. "ಗೋಣೀಗೆ ಇಕ್ಲಾ?"

ನಾನು ಗೋಣಿ ಮುಟ್ಟಿ ನೋಡಿದೆ. ಅದರ ಕೆಳಗೆ ಪ್ಲಾಸ್ಟಿಕ್, ಅದರ ಕೆಳಗೆ ರಟ್ಟು, ಅದರ ಕೆಳಗೆ ಕಾಗದ. "ಎಣ್ಣೆ ಬ್ಯಾಡ ಅಜ್ಜಿ. ನೀರಲ್ಲಿ ಕಲ್ಸಿ ಇಕ್ಕು," ಎಂದೆ.

"ನೀರಲ್ಲೇ ಕಲ್ಸಿವ್ನಿ ಕಣ್ಲಾ. ನಂಗೂ ತಿಳೀತದೆ."

ನಲವತ್ತೊಂದು ಗೋಣಿಯ ಮೂಲೆಗೆ ನಲವತ್ತೊಂದು ಬೊಟ್ಟು. ಕೊನೆಯದನ್ನು ಶಿಬಿರದ ಹೆಂಗಸಿನ ಕೈಯಲ್ಲಿ ಇಡಿಸಿದಳು. ಅವಳು ಹಿಂದೆ ಸರಿದಳು. ಗಂಡ ಇಲ್ಲದವಳು ನಾನು, ಬೇಡ ಎಂದಳು. "ಅದೆಲ್ಲಾ ನಮ್ಮೂರ್ ರೂಲ್ಸು. ನೀನ್ ನೋಡಿದ್ದು ನಾವ್ ನೋಡಿಲ್ಲ. ಇಕ್ಕಮ್ಮಾ," ಎಂದು ಅಜ್ಜಿ ಅವಳ ಬೆರಳು ಹಿಡಿದು ಅದ್ದಿಸಿದಳು. ಏಳು ಗಂಟೆ ಹತ್ತು ನಿಮಿಷಕ್ಕೆ ಲಾರಿ ಹೊರಟಿತು.

ಐದು ವಾರ ಏನೂ ಸುದ್ದಿ ಇರಲಿಲ್ಲ. ಆಮೇಲೆ ಒಂದು ದಿನ ಮಧ್ಯಾಹ್ನ ಮೂರಕ್ಕೆ ನನ್ನ ಫೋನಿಗೆ ಒಂದು ವೀಡಿಯೋ ಬಂತು. ಅದನ್ನು ನಾನು ಒಬ್ಬನೇ ನೋಡಲಿಲ್ಲ, ಅಜ್ಜಿಯ ಜಗಲಿಗೆ ಓಡಿದೆ. ಎಲ್ಲರೂ ಬಂದರು.

ನಲವತ್ತು ಸೆಕೆಂಡಿನ ವೀಡಿಯೋ. ಕಿಟಕಿಗೆ ಗಾಜಿಲ್ಲದ ಕೋಣೆ. ಗೋಡೆಗೆ ಒರಗಿಸಿ ನಮ್ಮ ಗೋಣಿಗಳು. ಮುಂದಿನದರ ಮೂಲೆಯಲ್ಲಿ ಮಾಸಿದ ಹಳದಿ. ವೈದ್ಯೆಯ ಕೈ ಒಂದು ಪೊಟ್ಟಣ ಒಡೆದು, ಬಟ್ಟೆಯನ್ನು ಸ್ಟೀಲ್ ಬೋಗುಣಿಯ ನೀರಿನ ಮೇಲೆ ಬಿಟ್ಟಿತು. ಇಂಗ್ಲಿಷಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುವ ಧ್ವನಿ. ಮೂರಕ್ಕೆ ಬಟ್ಟೆ ಮುಳುಗಿತು. ಆಮೇಲೆ ಕ್ಯಾಮೆರಾ ತಿರುಗಿತು. ಮಂಚದ ಮೇಲೆ ಏಳೆಂಟು ವರ್ಷದ ಹುಡುಗಿ, ತೋಳಿಗೆ ಬಿಳಿ ಕಟ್ಟು, ಅಂಗೈಯಗಲ. ಸಣ್ಣ ತುಂಡು. ಅಂಚಿನ ಒಳಮಡಿಕೆ ಶಿಬಿರದ ಹೆಂಗಸು ಮಾಡಿದ್ದು ಎಂದು ನಾನು ನೂರರಲ್ಲಿ ಗುರುತಿಸಬಲ್ಲೆ. ಹುಡುಗಿ ಕ್ಯಾಮೆರಾಗೆ ನಾಲಿಗೆ ಚಾಚಿದಳು.

ಜಗಲಿಯ ಮೇಲೆ ಎಲ್ಲರೂ ಒಟ್ಟಿಗೆ ಕೂಗಿದ ಕೂಗು ಮುಂದಿನ ಬೀದಿಗೂ ಕೇಳಿಸಿತಂತೆ. ಶಿಬಿರದ ಹೆಂಗಸು ಮಾತ್ರ ಕೂಗಲಿಲ್ಲ. ಮತ್ತೆ ಹಾಕು ಎಂದಳು. ಹಾಕಿದೆ. ಬಟ್ಟೆ ಮುಳುಗುವ ಜಾಗದಲ್ಲಿ ಬೆರಳಿಟ್ಟು ನಿಲ್ಲಿಸಿದಳು. ಬಹಳ ಹೊತ್ತು ನೋಡಿದಳು. "ಓಂ," ಎಂದಳು. "ಒದ್ದೆಯಾಗಿದೆ."

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಅಜ್ಜಿ ಸಂಕ್ರಾಂತಿಯ ತೈ ತಿಂಗಳಲ್ಲಿ ತೀರಿಕೊಂಡಳು. ಮುಖದ ತುಂಬ ಅರಿಶಿನವಿತ್ತು. ಅವಳ ಗಂಡ ಇದ್ದಾರೆ, ಕಣ್ಣು ಮಂಜಾಗಿದೆ, ಆದರೆ ಆ ಬುಧವಾರದ ಮಾತು ಕೇಳಿದರೆ ತಪ್ಪಿಲ್ಲದೆ ಹೇಳುತ್ತಾರೆ. ಕಾರ್ಯದರ್ಶಿ ಇದ್ದಾರೆ, ಕರಿ ಪ್ಯಾಂಟಿನ ವಿಷಯ ಒಪ್ಪುವುದಿಲ್ಲ, ಉಳಿದದ್ದನ್ನೆಲ್ಲ ಒಪ್ಪುತ್ತಾರೆ. ಮೂಲೆಮನೆಯ ಸೊಸೆ ಇದ್ದಾಳೆ. ಈಗ ಹೆಂಗಸರ ಮುಂದಾಳು ಅವಳೇ. ಬೊಟ್ಟು ಗೋಣಿಗೆ ಮಾತ್ರ. ಶಿಬಿರದ ಹೆಂಗಸು ಇದ್ದಾಳೆ, ದಿನಾ ಅದೇ ಮೆಟ್ಟೂರು ಬಸ್ಸಿಗೆ ಬರುತ್ತಾಳೆ. ನಾಲಿಗೆ ಚಾಚಿದ ಹುಡುಗಿ ಗುಣವಾಗಿ ಮನೆಯವರ ಜೊತೆ ಹೋದಳು ಎಂದು ವೈದ್ಯೆ ಬರೆದಿದ್ದರು. ಎಲ್ಲಿಗೆ ಎಂದು ಬರೆದಿರಲಿಲ್ಲ. ವೈದ್ಯೆ ಇದ್ದಾರೆ. ಮೊನ್ನೆ ಭಾನುವಾರ ಸಂಜೆ ನಾಲ್ಕೂ ಕಾಲಿಗೆ ಅವರ ಧ್ವನಿ ಕೇಳಿದೆ. ಹಿಂದೆ ಜನರೇಟರಿನ ಸದ್ದಿತ್ತು. ಇನ್ನೂ ಅರವತ್ತು ಪೆಟ್ಟಿಗೆ ಕೇಳಿದರು.